ಮಬ್ಬು ಬೆಳಕು, ಬಿಲ್ಲಿನ ಸೈಟು, ಕಂಬಳಿ ಕೊಪ್ಪೆ

ಹತ್ತು ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೆಳಗಿನ ಗದ್ದೆಯ ಭತ್ತ ಹಾಲು ಕಟ್ಟಿದೆ. ರಾತ್ರಿ ಮಾಳದಲ್ಲಿ, ಹಗಲು ತೂಕಡಿಕೆಯಲ್ಲಿ ಕಳೀತಿದೆ. ಹೋದ ಶುಕ್ರವಾರ ಒಂದೇ ರಾತ್ರಿ ಎಂಟು ಗುಂಟೆಯಷ್ಟು ಮಗುಚಿ ಹಾಕಿದವು. ತಿಂದದ್ದಕ್ಕಿಂತ ಹೊರಳಾಡಿ ಹಾಳು ಮಾಡಿದ್ದು ಹೆಚ್ಚು. ಹಂದಿಯ ವಿಷಯ ನಿಮಗೆ ಯಾರಿಗೂ ಹೇಳಿಕೊಡಬೇಕಾದ್ದಿಲ್ಲ. ಇವತ್ತು ಬರೀತಿರೋದು ಬೇರೆ ವಿಷಯ.

ನಮ್ಮ ಪಕ್ಕದ ಮನೆ ಹುಡುಗ ಬೆಂಗಳೂರಲ್ಲಿ ಕೆಲಸದಲ್ಲಿದ್ದವನು, ಈಗ ಮನೆಯಿಂದಲೇ ಕೆಲಸ ಅಂತ ಊರಿಗೆ ಬಂದು ಕೂತಿದ್ದಾನೆ. ಒಳ್ಳೆ ಹುಡುಗ. ಅಪ್ಪನ ಕಷ್ಟ ನೋಡಲಾರದೆ ಒಂದು ಕಾಂಪೌಂಡ್ ಬಿಲ್ಲು ತರಿಸಿದ್ದಾನೆ. ಎರಡು ತುದಿಗೂ ರಾಟೆ ಇರ್ತದಲ್ಲ, ಆ ನಮೂನೆಯದು. ಮೊನ್ನೆ ಸಂಜೆ ಅದನ್ನು ಹಿಡ್ಕೊಂಡು ಬಂದು, "ಚಿಕ್ಕಪ್ಪ, ನೀವು ಕೋವಿ ಹಿಡಿದವರು. ಮಬ್ಬಲ್ಲಿ ಗುರಿ ಹಿಡಿಯೋಕೆ ಯಾವ ಸೈಟು ಒಳ್ಳೇದು ಹೇಳಿ" ಅಂದ. ಮೊಬೈಲಲ್ಲಿ ನಾಲ್ಕೈದು ನಮೂನೆ ತೋರಿಸಿದ. ನಮ್ಮ ವಾಟ್ಸಾಪ್ ಗುಂಪಲ್ಲೂ ಇಬ್ಬರು ಇದನ್ನೇ ಕೇಳಿದ್ದರು. ಒಬ್ಬರಿಗೆ ಏರ್‌ಗನ್ನಿಗೆ ಕೆಂಪು ಚುಕ್ಕಿಯ ಸೈಟು ಬೇಕಿತ್ತು, ಇನ್ನೊಬ್ಬರಿಗೆ ಲೇಸರ್. ಅಲ್ಲಿ ನಾನು ಉತ್ತರ ಕೊಡಲಿಲ್ಲ. ಎರಡು ಸಾಲಲ್ಲಿ ಹೇಳುವಂಥದ್ದಲ್ಲ ಅಂತ ಸುಮ್ಮನಿದ್ದೆ. ಇಲ್ಲಿ ಹೇಳ್ತೇನೆ.

ಮೊದಲು ಆ ಸೈಟಿನ ಬಗ್ಗೆ ಹೇಳ್ತೇನೆ. ಹುಡುಗನ ಹತ್ರ ಕೇಳಿ, ಕೈಯಲ್ಲಿ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದೆ. ಮಾಡಿದವರ ತಲೆಯನ್ನು ಮೆಚ್ಚಬೇಕು.

ಒಂದು ಉಂಗುರದ ಒಳಗೆ ಮೇಲಿಂದ ಕೆಳಗೆ ಐದು ಸಣ್ಣ ಕಡ್ಡಿ. ಮೇಲಿನದು 20 ಗಜಕ್ಕೆ, ಅದರ ಕೆಳಗಿನದು 30ಕ್ಕೆ, ಆಮೇಲಿನದು 40ಕ್ಕೆ, ಹೀಗೆ. ಬಾಣ ಗುಂಡಿನ ಹಾಗಲ್ಲ, ಬೇಗ ಬಾಗ್ತದೆ. ಅದಕ್ಕೇ ದೂರಕ್ಕೊಂದು ಕಡ್ಡಿ. ಪ್ರತಿ ಕಡ್ಡಿಯ ತುದಿಗೂ ಒಂದು ಬಣ್ಣದ ನೂಲು, ಫೈಬರ್ ಆಪ್ಟಿಕ್ ಅಂತಾರೆ. ನಮ್ಮ ಕೇಬಲ್ಲಿನವರು ಇಂಟರ್ನೆಟ್ಟಿಗೆ ಎಳೀತಾರಲ್ಲ, ಆ ಜಾತಿಯದ್ದೇ. ಈ ನೂಲು ಮೈ ಉದ್ದಕ್ಕೂ ಸುತ್ತಲಿನ ಬೆಳಕು ಹಿಡಿದು ತುದಿಯಲ್ಲಿ ಬಿಡ್ತದೆ. ಬ್ಯಾಟರಿ ಬೇಡ. ಸೂರಿನ ನೀರು ಹಿಡಿಯೋಕೆ ನಾವು ಅಡಿಕೆ ದಬ್ಬೆ ಕಟ್ಟೋದಿಲ್ಲವಾ, ಹಾಗೆ. ದಬ್ಬೆ ಉದ್ದ ಇದ್ದಷ್ಟೂ ಕೊಡಕ್ಕೆ ನೀರು ಹೆಚ್ಚು. ಅದಕ್ಕೇ ಒಳ್ಳೇ ಸೈಟಲ್ಲಿ ನೂಲನ್ನು ಸುರುಳಿ ಸುತ್ತಿ ಉದ್ದ ಮಾಡಿರ್ತಾರೆ.

ಕಡ್ಡಿಯ ದಪ್ಪದಲ್ಲೂ ಲೆಕ್ಕ ಉಂಟು. ಒಂದಿಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 10 ಭಾಗ, 19 ಭಾಗ, 29 ಭಾಗ ಅಂತ ಬರ್ತದೆ. 29ರದ್ದು ಮುಕ್ಕಾಲು ಮಿಲಿಮೀಟರಿಗೆ ಹತ್ತಿರ. ದಪ್ಪಗಿದ್ದರೆ ಮಬ್ಬಲ್ಲಿ ಚೆನ್ನಾಗಿ ಕಾಣ್ತದೆ, ಆದರೆ ಗುರಿಯನ್ನೇ ಮುಚ್ಚುತ್ತದೆ. ತೆಳ್ಳಗಿದ್ದರೆ ಗುರಿ ಬಿಡಿಸಿ ಕಾಣ್ತದೆ, ಆದರೆ ಹೊತ್ತು ಇಳಿದಾಗ ಕಡ್ಡಿಯೇ ಮಾಯ. ಇನ್ನು ಹೆದೆಗೆ ಒಂದು ಸಣ್ಣ ಬಳೆ ಕಟ್ಟಿರ್ತಾರೆ, ಅದರ ತೂತಿನಲ್ಲಿ ಕಣ್ಣಿಟ್ಟು ಕಡ್ಡಿ ನೋಡಬೇಕು. ಆ ತೂತು ಸಣ್ಣದಾದರೆ ಸಂಜೆ ಏನೂ ಕಾಣೋದಿಲ್ಲ. ಇದು ನಮಗೆ ಗೊತ್ತಿರೋ ಪೈಪಿನ ಲೆಕ್ಕವೇ. ಅರ್ಧ ಇಂಚಿನ ಬದಲು ಒಂದಿಂಚು ಹಾಕಿದರೆ ಬಾಯಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬೆಳಕಿಗೂ ಹಾಗೇ. ಹಾಗಾಗಿ ಮಬ್ಬಲ್ಲಿ ಹೊಡೆಯುವವರು ದೊಡ್ಡ ತೂತಿನ ಬಳೆ, ಮಧ್ಯಮ ದಪ್ಪದ ಕಡ್ಡಿ, ಉದ್ದದ ನೂಲು ಆರಿಸ್ತಾರೆ. ಅದೂ ಸಾಲದಾದರೆ ಉಂಗುರದ ಮೇಲೆ ಬಟನ್ ಸೆಲ್ಲಿನ ಒಂದು ಪುಟ್ಟ ದೀಪ ಹಾಕ್ತಾರೆ. ಟ್ರಿಟಿಯಂ ಅನ್ನೋ ಅನಿಲ ತುಂಬಿ, ತಾನೇ ಮಿನುಗುವ ಸೈಟೂ ಉಂಟು.

ಹುಡುಗ ಕೇಳಿದ್ದಕ್ಕೆ ಉತ್ತರ ಅಷ್ಟೇ. ಯಾರಿಗಾದರೂ ಹೊಲದ ಮೂಲೆಯಲ್ಲಿ ಹುಲ್ಲಿನ ಪಿಂಡಿಗೆ ಬಾಣ ಬಿಡುವ ಹವ್ಯಾಸ ಇದ್ದರೆ ಇದನ್ನು ಓದಿ ತಗೊಳ್ಳಬಹುದು. ಆದರೆ ಅವನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ.

ಈ ಸೈಟು ಯಾರಿಗೆ ಮಾಡಿದ್ದು ನೋಡಿ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಕಾನೂನಿದೆ, ಲೈಸೆನ್ಸಿದೆ, ಕಾಲ ಗೊತ್ತು ಮಾಡಿರ್ತಾರೆ. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಮುಳುಗಿ ಅರ್ಧ ಗಂಟೆ ಆಗುವ ತನಕ ಮಾತ್ರ ಹೊಡೆಯಬಹುದು. ಆ ಎರಡು ಅರ್ಧ ಗಂಟೆಯಲ್ಲೇ ಜಿಂಕೆ ಓಡಾಡೋದು ಹೆಚ್ಚು. ಈ ಬಣ್ಣದ ನೂಲಿನ ಸಾಹಸವೆಲ್ಲ ಆ ಅರ್ಧ ಗಂಟೆಗಾಗಿ. ಅಲ್ಲಿ ಉತ್ತರದ ಕಡೆ ಮುಸ್ಸಂಜೆ ನಿಧಾನ. ನಮ್ಮಲ್ಲಿ ಸೂರ್ಯ ನೆಟ್ಟಗೆ ಇಳೀತಾನೆ. ಮುಳುಗಿದ ಮೇಲೆ ಇಪ್ಪತ್ತು ಇಪ್ಪತ್ತೆರಡು ನಿಮಿಷಕ್ಕೆ ಕತ್ತಲು. ಕಾನಿನ ಅಂಚಿನ ಗದ್ದೆಗೆ ಅಷ್ಟೂ ಇಲ್ಲ, ಗುಡ್ಡದ ನೆರಳು ಮೊದಲೇ ಬಿದ್ದಿರ್ತದೆ. ಹಂದಿ ಬರೋದು ಅದೂ ಮುಗಿದ ಮೇಲೆ, ಎಂಟೂವರೆ, ಒಂಬತ್ತು. ಆ ಹೊತ್ತಿಗೆ ನೂಲಿಗೆ ಕುಡಿಯೋಕೆ ಬೆಳಕೇ ಇರೋದಿಲ್ಲ. ಆಗ ದೀಪ ಹಾಕಬೇಕು. ದೀಪ ಹಾಕಿದರೆ ಕಡ್ಡಿ ಮಿಂಚುಹುಳದ ಹಾಗೆ ಹೊಳೀತದೆ, ಅದರ ಹಿಂದಿನ ಗದ್ದೆ ಪೂರ್ತಿ ಕಪ್ಪಾಗ್ತದೆ. ಮಾಳದಲ್ಲಿ ಕೂತು ಮೊಬೈಲ್ ನೋಡಿ ತಲೆ ಎತ್ತಿದರೆ ಹೇಗೆ ಕುರುಡು ಕುರುಡಾಗ್ತದೋ ಹಾಗೆ.

ಕಡ್ಡಿ ಕಾಣೋದು ಬೇರೆ, ಕಡ್ಡಿಯ ಆಚೆ ಏನಿದೆ ಅಂತ ಕಾಣೋದು ಬೇರೆ. ನಾನು ಹೇಳಬೇಕೆಂದು ಕೂತಿರೋದು ಇದೊಂದೇ ಮಾತು. ಇದನ್ನು ನಾನು ಓದಿ ಕಲಿತದ್ದಲ್ಲ.

ನನಗೆ ಆಗ ಇಪ್ಪತ್ತೆಂಟು ಇಪ್ಪತ್ತೊಂಬತ್ತು ವಯಸ್ಸು. ಅಪ್ಪನ ಕೇಪಿನ ಕೋವಿ ಮನೆಯಲ್ಲಿತ್ತು, ಬೆಳೆ ರಕ್ಷಣೆ ಲೈಸೆನ್ಸಿನದು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಮಾಳಕ್ಕೆ ನಾನೇ ಹೋಗ್ತಿದ್ದೆ. ಹಂದಿ ಬಂದರೆ ಆಕಾಶಕ್ಕೆ ಒಂದು ಈಡು, ಅಷ್ಟೇ ಅಂತ ಅಪ್ಪ ಹೇಳಿ ಕಳಿಸ್ತಿದ್ದರು. ನನಗೆ ಆ ವರ್ಷ ಸಿಟ್ಟು. ಮೂರು ಸಲ ಗದ್ದೆ ಹೋಗಿತ್ತು. ಕೈಗಡ ಇತ್ತು. ಮೇಲಾಗಿ ಹುಡುಗಾಟದ ಧೈರ್ಯ.

ಹಳೇ ಶಿಕಾರಿಯವರ ಒಂದು ಉಪಾಯ ಇತ್ತು. ಕೊಳವೆಯ ತುದಿಯ ಮಣಿ ಮಬ್ಬಲ್ಲಿ ಕಾಣೋದಿಲ್ಲ ಅಂತ ಅದಕ್ಕೆ ಎಲೆ ಅಡಿಕೆಯ ಸುಣ್ಣ ಹಚ್ಚೋದು. ಉಗುರಲ್ಲಿ ಒಂದು ಚೂರು ಸುಣ್ಣ ತೆಗೆದು ಮಣಿಗೆ ಮೆತ್ತಿದರೆ ಬೆಳ್ಳಗೆ ಹೊಳೀತದೆ. ಈಗಿನ ಹುಡುಗ ಸಾವಿರಗಟ್ಟಲೆ ಕೊಟ್ಟು ತರಿಸೋದು ಅದನ್ನೇ. ನಾನೂ ಆವತ್ತು ಹಚ್ಚಿದ್ದೆ.

ದೀಪಾವಳಿಗೆ ನಾಲ್ಕು ದಿನ ಇತ್ತು. ಹನಿ ಮಳೆ. ಸೂರ್ಯ ಮುಳುಗಿ ಅರ್ಧ ಗಂಟೆ ಆಗಿರಬೇಕು. ಅಗಳದ ಪಕ್ಕ, ಗದ್ದೆ ಅಂಚಲ್ಲಿ ಏನೋ ಕಪ್ಪಗೆ ಸರೀತು. ಸೊಂಟದೆತ್ತರ. ನಿಲ್ತದೆ, ತಗ್ಗುತ್ತದೆ, ಮುಂದೆ ಹೋಗ್ತದೆ, ಮತ್ತೆ ತಗ್ಗುತ್ತದೆ. ಕೆಸರು ಪಚಪಚ ಅನ್ನೋ ಸದ್ದು. ಹಂದಿ ಮಣ್ಣು ಕೆದಕುವಾಗ ಬರೋ ಸದ್ದೇ. ನಾನು ಕುದುರೆ ಎತ್ತಿದೆ. ಬೆಳ್ಳಗಿನ ಮಣಿ ಆ ಕಪ್ಪಿನ ಮಧ್ಯಕ್ಕೆ ಹೋಗಿ ಕೂತಿತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಗುರಿ ಸಿಕ್ಕಿದ್ದೇ ಇಲ್ಲ. ಕೈ ನಡುಗಲಿಲ್ಲ. ಉಸಿರು ಹಿಡಿದಿದ್ದೆ.

ಆ ಕಪ್ಪು ಕೆಮ್ಮಿತು.

ಬೀಡಿ ಕೆಮ್ಮು. ಅದು ಯಾರ ಕೆಮ್ಮು ಅಂತ ಇಡೀ ಊರಿಗೆ ಗೊತ್ತು. ಪಕ್ಕದ ಗದ್ದೆಯ ಅಜ್ಜಯ್ಯ. ಕಂಬಳಿ ಕೊಪ್ಪೆ ಹಾಕಿಕೊಂಡು, ಬಗ್ಗಿ ಬಗ್ಗಿ ಅಂಚಿನ ಏಡಿ ಬಿಲಕ್ಕೆ ಮಣ್ಣು ಮೆತ್ತುತ್ತಾ ಬರ್ತಿದ್ದರು. ನೀರು ಸೋರ್ತಿತ್ತಂತೆ. ಬ್ಯಾಟರಿ ಸೆಲ್ಲು ಮುಗಿದಿತ್ತಂತೆ. ಕರಿ ಕಂಬಳಿ ಕೊಪ್ಪೆಯಲ್ಲಿ ಬಗ್ಗಿದ ಮನುಷ್ಯ ಮಬ್ಬಲ್ಲಿ ಹೇಗೆ ಕಾಣ್ತಾನೆ ಅಂತ ನಿಮಗೆ ಗೊತ್ತಿಲ್ಲದ್ದಲ್ಲ.

"ಯಾರಾ ಅದು ಮಾಳದಲ್ಲಿ? ಬೆಂಕಿಪೊಟ್ಟಣ ಉಂಟೇನಾ?" ಅಂತ ಕೂಗಿದರು. ನನಗೆ ಬಾಯೇ ಬರಲಿಲ್ಲ. ಕುದುರೆ ಇಳಿಸಬೇಕಲ್ಲ, ಅದು ಇಳಿಸುವಾಗ ಕೈ ನಡುಗಿದ್ದು ಈಗಲೂ ಬೆರಳಲ್ಲಿದೆ. ಕೊಳವೆ ಗುಡ್ಡದ ಕಡೆ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು ಇಳಿಸಿದೆ. ಕೇಪು ತೆಗೆದು ಜೇಬಿಗೆ ಹಾಕಿಕೊಂಡೆ. ಇಳಿದು ಹೋಗಿ ಬೆಂಕಿಪೊಟ್ಟಣ ಕೊಟ್ಟೆ. ಅವರು ಬೀಡಿ ಹಚ್ಚಿ, ನಿನ್ನಪ್ಪನ ಕಣ್ಣು ಹೇಗಿದೆ ಈಗ ಅಂತ ಕೇಳಿದರು.

ಹನ್ನೆರಡು ವರ್ಷ ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಆಮೇಲೆ ಅವರು ಹಾಸಿಗೆ ಹಿಡಿದಾಗ ನೋಡೋಕೆ ಹೋದವನು ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸೂರು ನೋಡಿದರು. "ಹಂಗಾದ್ರೆ ಬೀಡಿ ಬಿಡು ಬಿಡು ಅಂತಿದ್ದ ಡಾಕ್ಟ್ರಿಗೆ ಹೇಳಬೇಕಿತ್ತು" ಅಂದರು. ಅವರು ನಕ್ಕರು. ನನಗೆ ನಗೋಕೆ ಆಗಲಿಲ್ಲ.

ಆ ಸಂಜೆ ನಾನೆಲ್ಲಿ ತಪ್ಪಿದೆ ಅಂತ ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ಆಮೇಲೆ ಕಣ್ಣಿನ ಬಗ್ಗೆ ಓದಿದೆ, ನಮ್ಮ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಮಾಸ್ತರರು ಹೇಳಿದ್ದೂ ನೆನಪಾಯಿತು. ಕಣ್ಣು ಒಂದು ಹೊತ್ತಿಗೆ ಒಂದೇ ದೂರವನ್ನು ಸ್ಪಷ್ಟ ಮಾಡ್ತದೆ. ಮಣಿ ಸ್ಪಷ್ಟ ಕಂಡರೆ ಆಚೆಯದು ಮಸುಕು. ಮಣಿ ಚೆನ್ನಾಗಿ ಹೊಳೆದಷ್ಟೂ ಕಣ್ಣು ಅಲ್ಲೇ ಸಿಕ್ಕಿಕೊಳ್ತದೆ. ಇನ್ನೊಂದು, ಕಣ್ಣಲ್ಲಿ ಶಂಕುಕೋಶ, ದಂಡಕೋಶ ಅಂತ ಎರಡು ಬಗೆ. ಬಣ್ಣ, ಅಂಚು, ವಿವರ ಇದೆಲ್ಲ ಶಂಕುಕೋಶದ ಕೆಲಸ, ಅದಕ್ಕೆ ಬೆಳಕು ಬೇಕು. ಕತ್ತಲಲ್ಲಿ ಕೆಲಸ ಮಾಡೋದು ದಂಡಕೋಶ. ಅದಕ್ಕೆ ಬಣ್ಣ ಗೊತ್ತಾಗೋದಿಲ್ಲ, ಆಕಾರ ಮತ್ತು ಅಲುಗಾಟ ಮಾತ್ರ ಗೊತ್ತಾಗ್ತದೆ. ಕಣ್ಣಿನ ನಟ್ಟನಡುವೆ, ನಾವು ದಿಟ್ಟಿಸಿ ನೋಡುವ ಜಾಗದಲ್ಲಿ, ಅದು ಇಲ್ಲವೇ ಇಲ್ಲ. ಅಂದರೆ ಮಬ್ಬಲ್ಲಿ ಗುರಿ ಹಿಡಿದು ದಿಟ್ಟಿಸಿದಷ್ಟೂ ನಾವು ಕಮ್ಮಿ ಕಾಣ್ತೇವೆ. ಉಳಿದದ್ದನ್ನು ಮನಸ್ಸು ತುಂಬಿಸ್ತದೆ. ಹಂದಿ ಬರಬೇಕು ಅಂತ ಕಾದು ಕೂತವನ ಮನಸ್ಸು ಹಂದಿಯನ್ನೇ ತುಂಬಿಸ್ತದೆ.

ನಮ್ಮ ವಯಸ್ಸಿನವರಿಗೆ ಇದು ಇನ್ನೂ ಕಷ್ಟ. ಐವತ್ತು ದಾಟಿದ ಮೇಲೆ ಕತ್ತಲಲ್ಲಿ ಪಾಪೆ ಮೊದಲಿನಷ್ಟು ಅಗಲ ಆಗೋದಿಲ್ಲ. ಹತ್ತಿರದ್ದು ಕನ್ನಡಕ ಇಲ್ಲದೆ ಮಸುಕು. ಪೊರೆ ಶುರುವಾಗಿದ್ದರೆ ಕೇಳೋದೇ ಬೇಡ. ಯಾವ ಸೈಟೂ ಇದಕ್ಕೆ ಮದ್ದಲ್ಲ.

ಬ್ಯಾಟರಿ ಬಿಟ್ಟರೆ ಕಣ್ಣು ಹೊಳೀತದಲ್ಲ, ಅದರಲ್ಲಿ ಗೊತ್ತಾಗ್ತದೆ ಅಂತ ಕೆಲವರು ಹೇಳ್ತಾರೆ. ಇಲ್ಲೇ ಇರೋದು ದೊಡ್ಡ ಮೋಸ. ಹಸು, ನಾಯಿ, ಬೆಕ್ಕು, ಜಿಂಕೆ, ಇವುಗಳ ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರ ಇದೆ, ಅದಕ್ಕೇ ಹೊಳೀತದೆ. ಹಂದಿಗೆ ಆ ಪದರ ಇಲ್ಲ. ಮನುಷ್ಯನಿಗೂ ಇಲ್ಲ. ಹಾಗಾದರೆ ಬೆಳಕು ಬಿಟ್ಟಾಗ ಜೋರಾಗಿ ಮಿಂಚಿದ್ದು ಯಾರದೋ ಕೊಟ್ಟಿಗೆಯ ಕರು ಇರಬಹುದು. ಮಿಂಚದೆ ಕಪ್ಪಗೆ ಕೂತದ್ದು ಹಂದಿ ಇರಬಹುದು, ಕೊಪ್ಪೆ ಹಾಕಿದ ಅಜ್ಜಯ್ಯನೂ ಇರಬಹುದು. ಯಾವ ಎರಡನ್ನು ಬೇರೆ ಮಾಡಿ ಗುರುತಿಸಬೇಕಿತ್ತೋ ಆ ಎರಡಕ್ಕೂ ಒಂದೇ ಗುರುತು.

ಹುಡುಗನಿಗೆ ಇದನ್ನೆಲ್ಲ ಹೇಳಿದರೆ, "ಚಿಕ್ಕಪ್ಪ, ಅದು ಆಗಿನ ಕಾಲ, ಇದು ಬೇರೆ" ಅಂದ. ಸರಿ, ನೋಡೇ ಬಿಡುವ ಅಂದೆ.

ಮಾರನೇ ದಿನ ಸಂಜೆ ಅವನ ಅಪ್ಪನನ್ನೂ ಒಪ್ಪಿಸಿದೆ. ಬಿಲ್ಲು ಮನೆಯಲ್ಲೇ ಇರಲಿ, ಸೈಟಷ್ಟೇ ಬಿಚ್ಚಿ ತಾ ಅಂದೆ. ಎರಡು ಸ್ಕ್ರೂ ಅಷ್ಟೇ ಅದಕ್ಕೆ. ತಮಾಷೆಗೂ ಮನುಷ್ಯನ ಕಡೆ ಬಿಲ್ಲು ಎತ್ತಬಾರದು, ಬಾಣ ಇಲ್ಲದಿದ್ದರೂ. ಅವನನ್ನು ನಮ್ಮ ಅಂಗಳದ ಆಚೆ ಮುಖ ತಿರುಗಿಸಿ ನಿಲ್ಲಿಸಿ, ಗದ್ದೆ ಅಂಚಲ್ಲಿ ಹದಿನೈದು ಮಾರು ದೂರಕ್ಕೆ ಮೂರು ವಸ್ತು ಇಟ್ಟೆವು. ಒಂದು ಹುಲ್ಲು ತುಂಬಿದ ಗೋಣಿಚೀಲ, ಒಂದು ಬೋರಲು ಹಾಕಿದ ಬುಟ್ಟಿಯ ಮೇಲೆ ಕರಿ ಟಾರ್ಪಾಲು. ಮೂರನೆಯದು ಕಂಬಳಿ ಹೊದ್ದು ಕುಕ್ಕರಗಾಲಲ್ಲಿ ಕೂತ ಅವನ ಅಪ್ಪ. ಸೂರ್ಯ ಮುಳುಗಿ ಇಪ್ಪತ್ತೈದು ನಿಮಿಷಕ್ಕೆ ಹುಡುಗನನ್ನು ಕರೆದೆ. ಸೈಟನ್ನು ಕೈ ನೀಡಿ ಹಿಡಿದು ನೋಡು, ಇದರಲ್ಲಿ ನಿಮ್ಮಪ್ಪ ಯಾವುದು ಹೇಳು ಅಂದೆ.

"ಪಿನ್ನು ಎಷ್ಟು ಚೆನ್ನಾಗಿ ಕಾಣ್ತದೆ ನೋಡಿ ಚಿಕ್ಕಪ್ಪ" ಅಂದ. ಹೌದು, ಪಚ್ಚೆ ಹಸಿರಾಗಿ ಕಾಣ್ತಿತ್ತು, ನಾನೂ ನೋಡಿದೆ. ತುಂಬಾ ಹೊತ್ತು ನೋಡಿ ನಡುವಿನದು ಅಂದ. ನಡುವೆ ಇದ್ದದ್ದು ಟಾರ್ಪಾಲು. ಎಡಗಡೆಯದು ಯಾವುದು ಹಾಗಾದರೆ ಅಂದೆ. "ಅದು ಗೋಣಿ, ಗ್ಯಾರಂಟಿ" ಅಂದ. ಅಷ್ಟರಲ್ಲಿ ಆ ಗೋಣಿ, "ಅಯ್ಯೋ ಇಂಬಳ ಹತ್ತಿತು ಮಾರಾಯ್ರೆ" ಅಂತ ಎದ್ದು ಪಂಚೆ ಕೊಡವಿತು.

ನಾವೆಲ್ಲ ನಕ್ಕೆವು. ಹುಡುಗ ನಗಲಿಲ್ಲ. ಬುದ್ಧಿವಂತ ಅವನು.

ಯಾರು ಬೇಕಾದರೂ ಇದನ್ನು ಮನೆಯಲ್ಲಿ ಮಾಡಿ ನೋಡಬಹುದು. ಸೈಟೂ ಬೇಡ, ಬರಿಗಣ್ಣು ಸಾಕು.

ಇನ್ನು ಕಾನೂನಿನ ಮಾತು. ಬಿಲ್ಲಿಗೆ ಕೋವಿಯ ಹಾಗೆ ಲೈಸೆನ್ಸ್ ಇಲ್ಲ, ಸದ್ದೂ ಇಲ್ಲ, ಹಾಗಾಗಿ ತೊಂದರೆ ಇಲ್ಲ ಅಂತ ಗುಂಪಲ್ಲಿ ಒಬ್ಬರು ಬರೆದಿದ್ದರು. ಆಯುಧ ಯಾವುದು ಅಂತ ಕಾನೂನು ಕೇಳೋದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲೋದು ಮಾತ್ರ ಅಲ್ಲ. ಗಾಯ ಮಾಡೋದು, ಉರುಳು ಹಾಕೋದು, ವಿಷ ಇಡೋದು, ಇದಕ್ಕೆಲ್ಲ ಪ್ರಯತ್ನ ಪಡೋದು ಕೂಡ ಬೇಟೆಯೇ. 2022ರ ತಿದ್ದುಪಡಿಯ ಮೇಲೆ ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯ ಅಂತಾದರೆ ಅದೇ ಕಾಯ್ದೆಯ 11ನೇ ಕಲಮಿನಲ್ಲಿ ಅಧಿಕಾರಿಯಿಂದ ಲಿಖಿತ ಅನುಮತಿ ಪಡೆಯೋಕೆ ಅವಕಾಶ ಇದೆ. ಅದು ಬಿಟ್ಟು ನಾವಾಗೇ ಬಾಣ ಬಿಟ್ಟರೆ ಜೈಲು ನಮಗೆ. ಬೆಳೆ ರಕ್ಷಣೆ ಕೋವಿಯ ಲೈಸೆನ್ಸೂ ಬೇಟೆಯ ಪರವಾನಗಿ ಅಲ್ಲ, ಇದನ್ನು ನಮ್ಮಲ್ಲಿ ಎಷ್ಟೋ ಜನ ತಪ್ಪು ತಿಳಿದಿದ್ದಾರೆ.

ಕಾನೂನು ನಮ್ಮ ಕಡೆ ಇದೆ ಅಂತ ನಾನು ಹೇಳ್ತಿಲ್ಲ. ಹಂದಿ ತಿಂದ ಭತ್ತಕ್ಕೆ ಬರೋ ಪರಿಹಾರ ಎಷ್ಟು, ಅದಕ್ಕೆ ಎಷ್ಟು ಸಲ ಓಡಾಡಬೇಕು ಅಂತ ನನಗೂ ಗೊತ್ತು. ಚುನಾವಣೆ ಬಂತು ಅಂದರೆ ಕೋವಿ ಠಾಣೆಗೆ, ಹಂದಿಗೆ ಮಾತ್ರ ನೀತಿಸಂಹಿತೆ ಇಲ್ಲ. ಕೇರಳದಲ್ಲಿ 2022ರಲ್ಲಿ ತೊಂದರೆ ಕೊಡೋ ಹಂದಿ ಹೊಡೆಸುವ ಅನುಮತಿಯ ಅಧಿಕಾರವನ್ನು ಪಂಚಾಯಿತಿ ಮುಖ್ಯಸ್ಥರಿಗೆ ಕೊಟ್ಟರು. ನಮ್ಮಲ್ಲೂ ಅಂಥದ್ದು ಬೇಕು ಅಂತ ಕೇಳೋದಾದರೆ ನಾನೂ ಸಹಿ ಹಾಕ್ತೇನೆ. ಆದರೆ ನಾಳೆ ಅಂಥ ಕಾನೂನು ಬಂದರೂ ನನ್ನ ಮಾತು ಬದಲಾಗೋದಿಲ್ಲ. ಅಂಚಲ್ಲಿ ನೀರು ಕಟ್ಟೋಕೆ ಬರುವ ಮನುಷ್ಯ ಕಾನೂನು ನೋಡಿಕೊಂಡು ಬರೋದಿಲ್ಲ.

ಬಾಣದ ವಿಷಯದಲ್ಲಿ ಇನ್ನೊಂದು ಉಂಟು. ಬಾಣ ಬಿದ್ದ ಪ್ರಾಣಿ ಅಲ್ಲೇ ಬೀಳೋದಿಲ್ಲ. ಬಾಣ ಕೊಲ್ಲೋದು ರಕ್ತ ಸುರಿಸಿ. ಸರಿಯಾದ ಜಾಗಕ್ಕೆ ಬಿದ್ದರೂ ಅದು ಓಡ್ತದೆ, ಹೊಡೆದವನು ರಕ್ತ ಹುಡುಕಿಕೊಂಡು ಹೋಗಬೇಕು. ಗಂಡು ಹಂದಿಯ ಭುಜದ ಮೇಲೆ ಚಕ್ಕಳದಂಥ ಗಟ್ಟಿ ಪದರ ಬೇರೆ ಇರ್ತದೆ. ಕಡ್ಡಿ ಒಂದು ಗೇಣು ಆಚೀಚೆ ಆದರೆ ಗಾಯದ ಹಂದಿ ಲಂಟಾನದ ಮಟ್ಟಿಯಲ್ಲಿ, ನೀವು ಕೈಯಲ್ಲಿ ಟಾರ್ಚು ಹಿಡಿದು ಅದರ ಹಿಂದೆ. ಬೆಳಿಗ್ಗೆ ಸೊಪ್ಪಿಗೆ ಹೋದ ಹೆಂಗಸರಿಗೆ ಆ ಹಂದಿ ಎದುರಾದರೆ ಹೇಳಿಕೊಳ್ಳೋಕೂ ಬಾಯಿಲ್ಲ. ನಮ್ಮ ಹಳೇ ನಾಯಿಯ ಹೊಟ್ಟೆಯನ್ನು ಅಂಥದೇ ಒಂದು ಗಾಯದ ಹಂದಿ ಸೀಳಿದ್ದು. ಯಾರೋ ಹೊಡೆದು ಬಿಟ್ಟದ್ದು.

ಹಾಗಾದರೆ ಮಾಳದಲ್ಲಿ ಕೂತವನು ಎಂಥ ಮಾಡಬೇಕು? ಸೈಟಿಗೆ ಕೊಡೋ ದುಡ್ಡು ಬೆಳಕಿಗೆ ಕೊಡಿ. ನಾನು ಮೂರು ಟಾರ್ಚು ಹಾಳು ಮಾಡಿ ಕಲಿತದ್ದು ಹೇಳ್ತೇನೆ.

ಒಂದು ಕಿಲೋಮೀಟರ್ ಹೋಗ್ತದೆ ಅಂತ ಮಾರುವ ಚೂಪು ಬೆಳಕಿನದು ಬೇಡ. ಅದು ಆಚೆ ಗುಡ್ಡದ ಮರ ತೋರಿಸ್ತದೆ, ಎದುರಿನ ಅಂಚು ತೋರಿಸೋದಿಲ್ಲ. ಅಗಲಕ್ಕೆ ಹರಡುವ, ಸ್ವಲ್ಪ ಹಳದಿ ಬೆಳಕಿನದು ಗದ್ದೆಗೆ ಒಳ್ಳೇದು. ತಲೆಗೆ ಕಟ್ಟುವ ಟಾರ್ಚು ಕೈ ಬಿಡುವು ಕೊಡ್ತದೆ ನಿಜ, ಆದರೆ ಮಂಜು ಬಿದ್ದ ರಾತ್ರಿ ಅದರಷ್ಟು ಕೆಟ್ಟದ್ದು ಇಲ್ಲ. ಕಣ್ಣಿನ ಪಕ್ಕದಿಂದಲೇ ಬೆಳಕು ಹೊರಟು, ಹನಿಗೆ ಬಡಿದು, ಕಣ್ಣಿಗೇ ವಾಪಸ್ ಬರ್ತದೆ, ಎದುರಿಗೆ ಬಿಳಿ ಗೋಡೆ. ಅದನ್ನೇ ಬಿಚ್ಚಿ ಸೊಂಟದ ಹತ್ರ ಹಿಡಿದು ನೋಡಿ, ನೆಲ ಕಾಣ್ತದೆ. ಮಾಳದ ಒಳಗೆ ಬೆಂಕಿಪೊಟ್ಟಣ, ಚಪ್ಪಲಿ ಹುಡುಕೋಕೆ ಕೆಂಪು ಕಾಗದ ಸುತ್ತಿದ ಸಣ್ಣ ಟಾರ್ಚು ಸಾಕು. ಕತ್ತಲಿಗೆ ಕಣ್ಣು ಪೂರ್ತಿ ಹೊಂದೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ಸಲ ಬಿಳಿ ಬೆಳಕು ನೋಡಿದರೆ ಅಷ್ಟೂ ಹೋಯಿತು. ಕೆಂಪು ಬೆಳಕಿಗೆ ದಂಡಕೋಶ ಅಷ್ಟು ಕೆಡೋದಿಲ್ಲ. ದೂರದ ಕಪ್ಪನ್ನು ನೆಟ್ಟಗೆ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಅದೇ ಬಿಡಿಸಿಕೊಂಡು ಕಾಣ್ತದೆ. ಇದನ್ನು ಹೊಸದಾಗಿ ಮಾಡಿ ನೋಡುವವರಿಗೆ ಮಾಟ ಅನ್ನಿಸ್ತದೆ.

ಗರ್ನಾಲು ಹಾರಿಸುವ ಮೊದಲು, ತಗಡು ಬಡಿಯುವ ಮೊದಲು, ಯಾರದು ಅಂತ ಒಂದು ಸಲ ಕೂಗಿ. ಹಂದಿಗೆ ಆ ಕೂಗೇ ಸಾಕಾಗೋದು ಎಷ್ಟೋ ಸಲ. ಕಲ್ಲು ಬೀಸೋದಕ್ಕೂ ಇದೇ ಮಾತು.

ಸೋಲಾರ್ ಬೇಲಿಯ ಬಗ್ಗೆ ಮೊದಲೇ ಒಂದು ಸಲ ಉದ್ದಕ್ಕೆ ಬರೆದಿದ್ದೇನೆ, ಮತ್ತೆ ಬೇಡ. ಹಂದಿಗಾದರೆ ಕೆಳಗಿನ ತಂತಿ ನೆಲದಿಂದ ಎಂಟು ಹತ್ತು ಇಂಚಲ್ಲಿರಲಿ, ಕೆಳಗಿನ ಹುಲ್ಲು ಸವರ್ತಾ ಇರಿ. ಕಂಬದ ಲೈನಿಂದ ನೇರ ಕರೆಂಟು ಕೊಡೋ ಕೆಲಸ ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಅದೂ ಕತ್ತಲಲ್ಲಿ ಕಣ್ಣು ಮುಚ್ಚಿ ಹೊಡೆದ ಹಾಗೇ. ಇನ್ನು ರಾತ್ರಿ ಗದ್ದೆಗೆ ಹೋಗುವ ಎಲ್ಲರಿಗೂ ಒಂದು ಮಾತು. ಕರಿ ಕಂಬಳಿಯ ಬೆನ್ನಿಗೆ ಒಂದು ತುಂಡು ಬಿಳಿ ಬಟ್ಟೆಯನ್ನೋ, ರಸ್ತೆ ಕೆಲಸದವರು ಹಾಕ್ತಾರಲ್ಲ ಆ ಹೊಳೆಯುವ ಪಟ್ಟಿಯನ್ನೋ ಹೊಲಿಸಿಕೊಳ್ಳಿ. ಮೂವತ್ತು ರೂಪಾಯಿ ಖರ್ಚಿಲ್ಲ. ನಮ್ಮ ಮನೆಯ ಎರಡೂ ಕಂಬಳಿಗೆ ನನ್ನ ಹೆಂಡತಿ ಹೊಲಿದಿದ್ದಾಳೆ. ಯಕ್ಷಗಾನದ ವೇಷ ಅಂತ ನೆಂಟರು ನಗ್ತಾರೆ, ನಗಲಿ.

ಹುಡುಗನ ಬಿಲ್ಲು ಅವನ ಹತ್ರವೇ ಇದೆ. ಭಾನುವಾರ ಕಣದಲ್ಲಿ ಹುಲ್ಲಿನ ಪಿಂಡಿ ಕಟ್ಟಿ, ಹಿಂದೆ ಮಣ್ಣಿನ ಧರೆ ಇರೋ ಕಡೆ ಹಗಲಲ್ಲಿ ಹೊಡೀತಾನೆ. ನಾನೂ ಎರಡು ಬಾಣ ಬಿಟ್ಟೆ. ಒಂದು ಪಿಂಡಿಗೆ ತಾಗಿತು, ಇನ್ನೊಂದು ಎಲ್ಲಿ ಹೋಯಿತೋ ಇನ್ನೂ ಸಿಕ್ಕಿಲ್ಲ. ಸೈಟಿನ ದೀಪ ಮಾತ್ರ ಬಿಚ್ಚಿಟ್ಟಿದ್ದಾನೆ. ನಿನ್ನೆ ರಾತ್ರಿ ಮಾಳಕ್ಕೆ ಅವನೂ ಬಂದಿದ್ದ, ಒಂದು ಫ್ಲಾಸ್ಕ್ ಕಾಫಿ ಹಿಡ್ಕೊಂಡು. ಕೆಳಗಿಂದಲೇ "ಚಿಕ್ಕಪ್ಪ, ನಾನು, ನಾನು" ಅಂತ ಮೂರು ಸಲ ಕೂಗಿ ಹತ್ತಿದ. ಹತ್ತೂವರೆಗೆ ಹಂದಿ ಬಂತು, ಐದಾರು ಇದ್ದವು. ಇಬ್ಬರೂ ಸೇರಿ ತಗಡು ಬಡಿದು ಕೂಗಿ ಅಗಳ ದಾಟಿಸಿದೆವು. ಇವತ್ತು ಅವನಪ್ಪನ ಸರದಿ, ನಾನು ಮಲಗ್ತೇನೆ.